ಪುಂಜಾಲಕಟ್ಟೆಯ ಉಕ್ಕು

ಶಾಸಕ ದೂಮಣ್ಣ ಅಡಪರ ಗಲ್ಲದ ಮೇಲೆ ಆ ವರ್ಷ ಯಾವಾಗ ನೋಡಿದರೂ ಒಂದು ಚೂರು ಹತ್ತಿ ಅಂಟಿಕೊಂಡಿರುತ್ತಿತ್ತು. ಸ್ವದೇಶಿ ಉಕ್ಕಿನ ಪರವಾಗಿ ವಿಧಾನಸಭೆಯಲ್ಲಿ ಮಾತಾಡಿ ಊರಿಗೆ ಮರಳಿದ ದಿನವೇ ಅವರು ಮನೆಯಲ್ಲಿದ್ದ ಹೊರದೇಶದ ಬ್ಲೇಡುಗಳನ್ನೆಲ್ಲ ಹಟ್ಟಿಯ ಹಿಂದಿನ ಹೊಂಡಕ್ಕೆ ಎಸೆಯಿಸಿ, ಮೇಲೆ ಮಣ್ಣು ಮುಚ್ಚಿಸಿ, ಇನ್ನು ಈ ಮನೆಯ ಗಂಡಸರ ಮುಖಕ್ಕೆ ನಮ್ಮ ದೇಶದ ಉಕ್ಕು ಮಾತ್ರ ತಾಗತಕ್ಕದ್ದು ಎಂದು ಅಪ್ಪಣೆ ಮಾಡಿದ್ದರು. ಅದರಲ್ಲಿ ಮೋಸವಿರಲಿಲ್ಲ. ಅವರ ಮುಖವನ್ನೂ ಅದು ಕುಯ್ಯುತ್ತಿತ್ತು. ಆದರೆ ಹೊಸ ಪೊಟ್ಟಣ ಬಿಚ್ಚಿದಾಗ ಮೊದಲ ಬ್ಲೇಡು ಹೋಗುತ್ತಿದ್ದದ್ದು ಅವರ ಗಲ್ಲಕ್ಕಲ್ಲ, ಅದೇ ಮನೆಯಲ್ಲಿ ಉಂಡುಕೊಂಡಿದ್ದ ಭಾವನ ಗಲ್ಲಕ್ಕೆ. ಚಾವಡಿಯಲ್ಲಿ ಬಂದವರ ಎದುರಿಗೇ ಭಾವನಿಗೆ ಕ್ಷೌರ ಮಾಡಿಸಿ, ರಕ್ತ ಎಷ್ಟು ಬರುತ್ತದೆಂದು ನೋಡಿ, ಆಮೇಲೆ ಅಡಪರು ತಮ್ಮ ಮುಖಕ್ಕೆ ಸಾಬೂನು ಹಚ್ಚುವರು.

"ಉರೀತದಾ ಭಾವ?"

"ಇಲ್ಲ."

"ಇಲ್ಲ ಅಂತ ಅಳುತ್ತಾ ಹೇಳ್ಬೇಡಿ ಮಾರಾಯ್ರೆ. ನಗುತ್ತಾ ಹೇಳಿ."

ಚಾವಡಿ ನಗುತ್ತಿತ್ತು. ನಗುವವರ ಸಾಲಿನ ಕೊನೆಗೆ, ಕಂಬಕ್ಕೆ ಒರಗದೆ ನಿಂತುಕೊಂಡೇ ನಗುತ್ತಿದ್ದವನು ಗಜಾನನ.

ಗಜಾನನ ಬೆಳುವಾಯಿಯ ಕಮ್ಮಾರ ಪರಮೇಶ್ವರ ಆಚಾರಿಯ ಮಗ. ಮೂಡುಬಿದಿರೆಯಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಪಾಸು ಮಾಡಿದ್ದ. ಪಾಸಾದ ಮೇಲೆ ಎರಡು ಮಳೆಗಾಲ ಅಪ್ಪನ ಕುಲುಮೆಯ ತಿದಿ ಒತ್ತುತ್ತಾ ಕಳೆದಿತ್ತು. ಪುಂಜಾಲಕಟ್ಟೆಯ ಆಚೆ ಗುಡ್ಡ ಸಮತಟ್ಟು ಮಾಡಿ ಶಿವಸುಬ್ರಹ್ಮಣ್ಯ ರಾಯರು ರೋಲಿಂಗ್ ಮಿಲ್ಲು ಹಾಕಿದ್ದರು. ಗುಜರಿ ಕಬ್ಬಿಣವನ್ನು ಕಾಯಿಸಿ, ಉರುಳೆಗಳ ನಡುವೆ ಎಳೆದು, ಮನೆ ಕಟ್ಟುವ ಸರಳು ಮಾಡುವ ಕಾರ್ಖಾನೆ ಅದು. ಅದಕ್ಕೆ ಜಾಗ ಕೊಡಿಸಿದ್ದು ಅಡಪರು, ಕರೆಂಟು ತರಿಸಿದ್ದು ಅಡಪರು. ಅಲ್ಲಿ ಒಬ್ಬ ಕೆಮಿಸ್ಟ್ ಬೇಕಾಗಿತ್ತು, ಮತ್ತು ಯಾರು ಎಂಬುದಕ್ಕೆ ಅಡಪರ ಒಂದು ಮಾತು ಸಾಕಾಗಿತ್ತು. ಆ ಒಂದು ಮಾತಿಗಾಗಿ ಗಜಾನನ ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಸ್ಸು ಬದಲಿಸಿ ಬಂದು, ಆ ಚಾವಡಿಯಲ್ಲಿ ನಿಲ್ಲುತ್ತಿದ್ದ. ಅಡಪರು ಅವನ ಕಡೆ ನೋಡುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ.

ಎಂಬತ್ತೆರಡರ ಮಾಘದಲ್ಲಿ ಬೆಳ್ತಂಗಡಿಯ ಶೇಂದಿ ಗುತ್ತಿಗೆದಾರ ಚನಿಯಪ್ಪ ಅದೇ ಚಾವಡಿಗೆ ಬಂದ. ಅಡಪರಿಗೂ ಚನಿಯಪ್ಪನಿಗೂ ಕೋಳಿ ಅಂಕದ ಹುಚ್ಚು. ಗದ್ದೆ ಕೊಯ್ಲು ಮುಗಿದ ಮೇಲೆ ಇಬ್ಬರ ಹುಂಜಗಳೂ ಎದುರು ಬದುರಾಗದೆ ವರ್ಷ ಕಳೆಯುತ್ತಿರಲಿಲ್ಲ. ಚನಿಯಪ್ಪ ಕಿಸೆಯಿಂದ ಒಂದು ಬೆಂಕಿಪೊಟ್ಟಣ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟ ಬಾಳುಕತ್ತಿಯನ್ನು ಅಂಗೈ ಮೇಲೆ ಇಟ್ಟು ತೋರಿಸಿದ. ಅಂಕದ ಹುಂಜದ ಕಾಲಿಗೆ ಕಟ್ಟುವ ಕಿರುಬೆರಳಿನಷ್ಟು ಉದ್ದದ ಕತ್ತಿ ಅದು. ಅವನ ಅಕ್ಕನ ಮಗ ದುಬೈಯಿಂದ ತಂದ ಗರಗಸದ ಉಕ್ಕನ್ನು ಉಜ್ಜಿ ಮಾಡಿಸಿದ್ದು.

"ಭಾಷಣ ಪೇಪರಿನಲ್ಲಿ ಓದಿದೆ ಧಣಿ," ಎಂದ ಚನಿಯಪ್ಪ. "ಕುದುರೆಮುಖದ ಮಣ್ಣು ಹಡಗು ಹತ್ತಿ ಹೋಗ್ತದೆ, ಕತ್ತಿಯಾಗಿ ವಾಪಸು ಬರ್ತದೆ ಅಂತ ಹೇಳಿದ್ದೀರಂತೆ. ವಾಪಸು ಬಂದದ್ದು ಇದೇ. ನಿಮ್ಮ ರಾಯರ ಸರಳಿನಿಂದ ಇಂಥದ್ದು ಒಂದು ಆಗ್ತದಾ? ಅದು ಬಸಳೆ ಚಪ್ಪರಕ್ಕೆ ಆದೀತು."

ಚಾವಡಿಯಲ್ಲಿ ಯಾರೂ ನಗಲಿಲ್ಲ. ಅಡಪರು ಗಲ್ಲದ ಹತ್ತಿಯನ್ನು ಕಿತ್ತು, ಉಂಡೆ ಮಾಡಿ ಅಂಗಳಕ್ಕೆ ಎಸೆದರು.

"ಬರುವ ಭಾನುವಾರ ನನ್ನ ಹುಂಜದ ಕಾಲಲ್ಲಿ ಪುಂಜಾಲಕಟ್ಟೆಯ ಉಕ್ಕು ಇರ್ತದೆ. ನೀನು ಆ ದುಬೈ ಕಟ್ಟು." ಆಮೇಲೆ ಸಾಲಿನ ಕೊನೆಗೆ ಕಣ್ಣು ಹಾಯಿಸಿ, "ಏ ಆಚಾರಿ, ನೀನು ಓದಿದ್ದು ಇದನ್ನೇ ಅಲ್ವಾ? ಮಾಡ್ತೀಯಾ?" ಎಂದರು.

"ಮಾಡ್ತೇನೆ ಧಣಿ."

"ಮಾಡಿದರೆ ರಾಯರಿಗೆ ಹೇಳ್ತೇನೆ."

ಅಡಪರು ಅವನೊಡನೆ ಆಡಿದ ಮೊದಲ ಮಾತು ಅದು.

ರಾಯರ ಮಿಲ್ಲಿನ ಸರಳು ಮೆದು ಎಂಬುದು ಗಜಾನನನಿಗೆ ಗೊತ್ತಿತ್ತು. ಅದರಲ್ಲಿ ಇಂಗಾಲದ ಅಂಶ ಕಡಿಮೆ. ಎಷ್ಟು ಕಾಯಿಸಿ ಎಷ್ಟು ಸಲ ನೀರಿಗೆ ಅದ್ದಿದರೂ ಅದು ಗಟ್ಟಿಯಾಗುವ ಜಾತಿಯಲ್ಲ. ಇಂಗಾಲ ಇಲ್ಲದಿದ್ದರೆ ಹೊರಗಿನಿಂದ ಉಣಿಸಬೇಕು. ಅವನು ಸರಳನ್ನು ಬಡಿದು ಕತ್ತಿಯ ಆಕಾರಕ್ಕೆ ತಂದ. ತಗಡಿನ ಡಬ್ಬಿಯಲ್ಲಿ ಮರದ ಇದ್ದಲಿನ ಪುಡಿ ತುಂಬಿ, ಸ್ವಲ್ಪ ಸೋಡಾ ಬೆರೆಸಿ, ನಡುವೆ ಕತ್ತಿಯನ್ನು ಹೂತು, ಬಾಯಿಗೆ ಜೇಡಿಮಣ್ಣು ಮೆತ್ತಿ, ಬೆಳಗಿನಿಂದ ಸಂಜೆಯ ತನಕ ಕುಲುಮೆಯಲ್ಲಿ ಕೆಂಪಗೆ ಇಟ್ಟ. ಇದ್ದಲು ಕಬ್ಬಿಣದೊಳಕ್ಕೆ ನಿಧಾನವಾಗಿ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಅವನು ಕಣ್ಣಾರೆ ಮಾಡುತ್ತಿದ್ದ. ಡಬ್ಬಿ ಒಡೆದು ಕತ್ತಿಯನ್ನು ನೀರಿಗೆ ಹಾಕಿದಾಗ ಅದು ಕಿರುಚಿದ ಸದ್ದು ಕೇಳಿ ಪರಮೇಶ್ವರ ಆಚಾರಿ ಹತ್ತಿರ ಬಂದರು. ಅವರ ಕೈ ನಡುಗಲು ಶುರುವಾದ ಮೇಲೆ ಸುತ್ತಿಗೆ ಮುಟ್ಟಿರಲಿಲ್ಲ.

"ಇನ್ನೊಮ್ಮೆ ಸ್ವಲ್ಪ ಬೆಂಕಿ ತೋರಿಸು ಮಗಾ. ಒಣಹುಲ್ಲಿನ ಬಣ್ಣ ಬರುವಷ್ಟು."

ಅದೂ ಗಜಾನನನಿಗೆ ಗೊತ್ತಿತ್ತು. ನೀರು ಕುಡಿದ ಉಕ್ಕು ಗಾಜಿನ ಹಾಗೆ. ಎರಡನೆಯ ಸಲ ಹದವಾಗಿ ಕಾಯಿಸಿದರೆ ಗಡಸುತನ ಸ್ವಲ್ಪ ಇಳಿದು ಬಾಗುವ ಗುಣ ಬರುತ್ತದೆ. ಕತ್ತಿಯ ನಡುಭಾಗ ದಪ್ಪವಿತ್ತು, ಅಲ್ಲಿ ಇದ್ದಲು ಚರ್ಮದಷ್ಟೇ ಇಳಿದಿರುತ್ತದೆ. ತುದಿ ತೆಳ್ಳಗಿತ್ತು, ಅಲ್ಲಿ ಆಚೆಯಿಂದ ಈಚೆಯ ತನಕ ಇಳಿದಿರುತ್ತದೆ. ಇಷ್ಟೆಲ್ಲ ಯೋಚಿಸಿಯೂ ಅವನು ಬೆಂಕಿ ತೋರಿಸಲಿಲ್ಲ. ಗಡಸು ಇಳಿದರೆ ದುಬೈಯ ಕತ್ತಿಗೆ ಗೀರು ಬೀಳುವುದಿಲ್ಲ; ಶನಿವಾರ ಚನಿಯಪ್ಪನ ಎದುರಿಗೆ ಅಡಪರು ನೋಡಬೇಕೆಂದಿದ್ದದ್ದು ಗೀರನ್ನು.

ಶನಿವಾರ ಅವನು ಚಾವಡಿಯಲ್ಲಿ ಚನಿಯಪ್ಪನ ಕತ್ತಿಯ ಬೆನ್ನಿನ ಮೇಲೆ ತನ್ನ ಕತ್ತಿಯಿಂದ ಒಂದು ಗೆರೆ ಎಳೆದ. ಬೆಳ್ಳಗೆ ಗೀರು ಬಿತ್ತು. ಚನಿಯಪ್ಪನ ಕತ್ತಿಯಿಂದ ತನ್ನದರ ಮೇಲೆ ಎಳೆದ. ಏನೂ ಬೀಳಲಿಲ್ಲ. ಅಡಪರು ಅವನ ಬೆನ್ನಿಗೆ ಎರಡು ಸಲ ಹೊಡೆದರು. ಆ ರಾತ್ರಿ ಗಜಾನನ ನೆಮ್ಮದಿಯಿಂದ ಮಲಗಿದ.

ಭಾನುವಾರ ಅಡಪರ ಮನೆಯ ಕೆಳಗಿನ ಒಣಗದ್ದೆಯಲ್ಲಿ ಜನ ವೃತ್ತವಾಗಿ ನಿಂತಿದ್ದರು. ಪೊಲೀಸರಿಗೆ ಅವತ್ತು ಬೇರೆ ಕಡೆ ಕೆಲಸ ಇತ್ತು. ಎರಡೂ ಹುಂಜಗಳಿಗೆ ಕತ್ತಿ ಕಟ್ಟಿದವನು ಜತ್ತಪ್ಪ. ಮೂರು ತಾಲೂಕಿನಲ್ಲಿ ಅವನಷ್ಟು ಬಿಗಿಯಾಗಿ ನೂಲು ಸುತ್ತುವವರಿರಲಿಲ್ಲ. ಸೋತ ಕೋಳಿಯ ಒಂದು ಕಾಲು ಅವನ ಕೂಲಿ.

ಅಡಪರದ್ದು ಕೆಂಪು ಹುಂಜ, ಚನಿಯಪ್ಪನದ್ದು ಬಿಳಿ. ಕೊಕ್ಕಿಗೆ ಕೊಕ್ಕು ತಾಗಿಸಿ ಸಿಟ್ಟು ಬರಿಸಿ ಬಿಟ್ಟ ಕೂಡಲೇ ಎರಡೂ ಒಮ್ಮೆಗೇ ಮೇಲೆ ಹಾರಿದವು. ಇಳಿಯುವಾಗ ಬಿಳಿ ಹುಂಜದ ಎದೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ಎರಡನೆಯ ಸಲ ಹಾರಿದಾಗ ಕೆಂಪು ಹುಂಜದ ಕಾಲು ಬಿಳಿಯ ಎದೆಯೊಳಗೆ ಸಿಕ್ಕಿಕೊಂಡಿತು. ಎರಡೂ ಒಂದರ ಮೇಲೊಂದು ಬಿದ್ದು ಹೊರಳಿದವು. ಕೆಂಪು ಕಾಲು ಕಿತ್ತುಕೊಂಡು ಎದ್ದಿತು. ಬಿಳಿ ಏಳಲು ನೋಡಿತು, ರೆಕ್ಕೆ ಊರಿ ಅರ್ಧ ಎದ್ದು, ತನ್ನದೇ ಕರುಳನ್ನು ತುಳಿದು ಮುಗ್ಗರಿಸಿತು. ಜನ "ಹೋ" ಎಂದರು. ಚನಿಯಪ್ಪ ಅದರ ಬಾಯಿಗೆ ನೀರು ಚಿಮುಕಿಸಿ, ಪುಕ್ಕ ಊದಿ, ಮತ್ತೊಮ್ಮೆ ನಿಲ್ಲಿಸಿದ. ಅದು ನಿಂತುಕೊಂಡೇ ಸತ್ತಿತು.

ಅಡಪರು ಕಳದ ನಡುವೆ ನಿಂತು, ಸತ್ತ ಹುಂಜದ ಕಾಲು ಹಿಡಿದೆತ್ತಿ, ವಿಧಾನಸಭೆಯ ಭಾಷಣವನ್ನು ತುಳುವಿನಲ್ಲಿ ಮತ್ತೊಮ್ಮೆ ಮಾಡಿದರು. ಆ ಗದ್ದಲದಲ್ಲಿ ಜತ್ತಪ್ಪ ಕೆಂಪು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ನೂಲು ಬಿಚ್ಚಿದ. ಕತ್ತಿಯನ್ನು ಎಲೆಯಲ್ಲಿ ಒರೆಸಿದವನು ಒರೆಸುವುದನ್ನು ನಿಲ್ಲಿಸಿ, ಗಜಾನನನ ಅಂಗಿ ಎಳೆದ.

"ಗಜಾನನಣ್ಣ, ತುದಿ ಎಲ್ಲುಂಟು?"

ತುದಿ ಇರಲಿಲ್ಲ. ಅಕ್ಕಿಕಾಳಿನಷ್ಟು ಉದ್ದದ ಚೂರು ಮುರಿದುಹೋಗಿತ್ತು. ಮುರಿದ ಜಾಗ ಉಪ್ಪಿನ ಹರಳಿನಂತೆ ಬೂದುಬಣ್ಣದಲ್ಲಿ ಹೊಳೆಯುತ್ತಿತ್ತು. ಗಾಜು ಒಡೆದ ಹಾಗೆ. ಅಪ್ಪ ಹೇಳಿದ ಒಣಹುಲ್ಲಿನ ಬಣ್ಣ ಗಜಾನನನ ಕಣ್ಣಮುಂದೆ ಬಂತು.

ಅವರಿಬ್ಬರ ತಲೆಗಳ ನಡುವಿನಿಂದ ಒಂದು ಕೈ ಬಂದು ಕತ್ತಿಯನ್ನು ಎತ್ತಿಕೊಂಡಿತು. ಅಡಪರು ಅದನ್ನು ಒಮ್ಮೆ ನೋಡಿದರು, ಗಜಾನನನನ್ನು ಒಮ್ಮೆ ನೋಡಿದರು, ಕಿಸೆಗೆ ಹಾಕಿಕೊಂಡರು.

"ಗೆದ್ದ ಕತ್ತಿ ಸ್ವಲ್ಪ ನೋಡುವ ಧಣಿ," ಎಂದು ಚನಿಯಪ್ಪ ಕೈ ಚಾಚಿದ.

"ಗೆದ್ದ ಕತ್ತಿಯನ್ನು ಸೋತವನಿಗೆ ತೋರಿಸುವ ಕ್ರಮ ಇಲ್ಲ. ಊಟ ಮಾಡಿ ಹೋಗು." ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಬಿಳಿಯನನ್ನು ಬೇರೆ ಪಾತ್ರೆಯಲ್ಲಿ ಬೇಯಿಸ್ಲಿ. ಕತ್ತಿ ಮಾಡಿದವನಿಗೆ ಮೊದಲ ಎಲೆ. ಇದು ನಮ್ಮ ಮನೆಯ ಕಟ್ಟಲೆ."

"ಹಾಗಾದರೆ ನನ್ನ ಕಾಲು ಧಣಿ?" ಎಂದ ಜತ್ತಪ್ಪ.

"ನಿನಗೆ ಬೇರೆ ಕೋಳಿಯದ್ದು ಕೊಡ್ತೇನೆ. ಬಾಯಿ ಮುಚ್ಚಿ ತಗೊ."

ಅಂಥ ಕಟ್ಟಲೆಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬೆಳುವಾಯಿಯ ಮನೆಯಲ್ಲಿ ಇದ್ದದ್ದು ಅದಕ್ಕೆ ವಿರುದ್ಧವಾದ ಕಟ್ಟಲೆ. ತಮ್ಮ ಕುಲುಮೆಯ ಕತ್ತಿಗೆ ಬಿದ್ದ ಕೋಳಿಯನ್ನು ಆಚಾರಿಯ ಮನೆಯವರು ತಿನ್ನುವಂತಿಲ್ಲ. ಅಡಪರಿಗೆ ಅದು ಗೊತ್ತಿತ್ತು. ಪರಮೇಶ್ವರ ಆಚಾರಿ ನಲವತ್ತು ವರ್ಷ ಅವರ ಹುಂಜಗಳಿಗೆ ಕತ್ತಿ ಮಾಡಿಕೊಟ್ಟಿದ್ದರು, ಒಂದು ದಿನವೂ ಆ ಮನೆಯ ಅಂಕದ ಊಟಕ್ಕೆ ಕೂತಿರಲಿಲ್ಲ.

ಗಜಾನನ ಹಿತ್ತಿಲ ಬಾವಿಕಟ್ಟೆಯ ಕಡೆ ಹೆಜ್ಜೆ ಹಾಕಿದ. ಅಲ್ಲಿ ಪುಕ್ಕ ಕೀಳುತ್ತಿದ್ದರು. ತುದಿ ಸಿಕ್ಕಿಕೊಂಡಿದ್ದರೆ ಎದೆಯಲ್ಲೇ; ಆ ಮಾಂಸವನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರೆ ಸಾಕಿತ್ತು. ಅಡಪರ ತೋಳು ಅವನ ಹೆಗಲ ಮೇಲೆ ಬಿತ್ತು.

"ಎಲ್ಲಿಗೆ? ಬಾ, ರಾಯರು ಬಂದಿದ್ದಾರೆ. ನಿನ್ನ ಬಗ್ಗೆ ಹೇಳುವ."

ಶಿವಸುಬ್ರಹ್ಮಣ್ಯ ರಾಯರು ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಮಾಂಸ ಮುಟ್ಟುವವರಲ್ಲವಾದ್ದರಿಂದ ಚಾವಡಿಯಲ್ಲಿ ಆರಾಮಕುರ್ಚಿ ಹಾಕಿ, ಬಾಳೆಹಣ್ಣು, ಕಾಫಿ ಇಟ್ಟಿದ್ದರು. ಎದುರಿಗೇ ಸಾಲಾಗಿ ಬಾಳೆಎಲೆ. ಅಡಪರು ಗಜಾನನನನ್ನು ರಾಯರ ನೇರ ಎದುರಿಗೆ ಕೂರಿಸಿದರು. ಅವನ ಎಡಕ್ಕೆ ತಾವು ಕೂತರು. ಆಚೆ ಕಡೆ ಚನಿಯಪ್ಪ.

"ಇವನೇ ರಾಯರೇ. ನಿಮ್ಮ ಸರಳನ್ನು ಕತ್ತಿ ಮಾಡಿದವ. ದುಬೈಗೆ ಗೀರು ಹಾಕಿದವ."

"ಹೌದಾ?" ಎಂದರು ರಾಯರು. "ಮುರಿಯಲಿಲ್ವಾ?"

ಅಡಪರು ಗಜಾನನನ ಮುಖ ನೋಡುತ್ತಾ ಕಾದರು. ಚನಿಯಪ್ಪನೂ ಈ ಕಡೆ ತಿರುಗಿದ.

"ಇಲ್ಲ ಸರ್," ಎಂದ ಗಜಾನನ.

ಬಿಳಿ ಹುಂಜದ ಸಾರು ಸಣ್ಣ ಪಾತ್ರೆಯಲ್ಲಿ ಬಂತು. ಅಡಪರು ತಾವೇ ಸೌಟು ಹಿಡಿದು, ಎದೆಯ ತುಂಡುಗಳನ್ನು ಆರಿಸಿ ಆರಿಸಿ ಅವನ ಎಲೆಗೆ ಬಡಿಸಿದರು. ಪಕ್ಕದಲ್ಲಿ ಹಪ್ಪಳದಂತೆ ಗರಿಗರಿಯಾದ ಅಕ್ಕಿರೊಟ್ಟಿ ಮುರಿದು ಹಾಕಿದರು. ಸಾರಿನಲ್ಲಿ ನೆನೆದು ಮೆತ್ತಗಾದ ಮೇಲೆ ತಿನ್ನುವ ರೊಟ್ಟಿ ಅದು. ಗಜಾನನ ನೆನೆಯಲೆಂದು ಕಾಯುತ್ತಿದ್ದ.

"ಗರಿಗರಿ ಇರುವಾಗಲೇ ತಿನ್ನು. ನೀನು ಶುರು ಮಾಡದೆ ಯಾರೂ ಕೈ ಹಾಕುವ ಹಾಗಿಲ್ಲ. ನೋಡು, ಎಲ್ಲರಿಗೂ ಹಸಿವಾಗಿದೆ."

ಎರಡು ಸಾಲು ಜನ ಕೈ ಕಟ್ಟಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಮೊದಲ ತುಂಡನ್ನು ಬಾಯಿಗಿಟ್ಟ. ರೊಟ್ಟಿ ಹಲ್ಲಿಗೆ ಸಿಕ್ಕಿ ಚಟ್ ಎಂದಿತು. ಅಗಿಯುವುದನ್ನು ನಿಲ್ಲಿಸಿ ನಾಲಿಗೆಯಿಂದ ತಡಕಿದ. ಅದು ರೊಟ್ಟಿಯೇ. ಮತ್ತೊಮ್ಮೆ ಚಟ್. ಅದೂ ರೊಟ್ಟಿ. ಯಾವ ಸದ್ದು ಯಾವುದರದ್ದೆಂದು ಬಾಯಿಗೆ ಗೊತ್ತಾಗುವಂತಿರಲಿಲ್ಲ.

ಅವನು ಒಂದು ಉಪಾಯ ಹುಡುಕಿಕೊಂಡಿದ್ದ. ಚೂರು ಸಿಕ್ಕಿದರೆ ಮೂಳೆಯ ಜೊತೆ ಸೇರಿಸಿ ಉಗಿದು ಎಲೆಯ ಅಂಚಿಗೆ ಇಟ್ಟುಬಿಡುವುದು. ಮೊದಲ ಮೂಳೆಯನ್ನು ಎಲೆಗೆ ಹಾಕಿದ. ಅಡಪರು ಅದನ್ನು ಎರಡು ಬೆರಳಲ್ಲಿ ಎತ್ತಿ, ತಮ್ಮ ಮುಂದಿದ್ದ ಕಂಚಿನ ಬಟ್ಟಲಿಗೆ ಬಿಟ್ಟರು. ಟಕ್ ಎಂದಿತು.

"ಎಷ್ಟು ಶುದ್ಧ ತಿನ್ತಾನೆ ನೋಡುವ," ಎಂದರು, ಎಲ್ಲರಿಗೂ. "ಎಲ್ಲ ಮೂಳೆ ನಾನು ಲೆಕ್ಕ ತಗೊಳ್ತೇನೆ."

ಎರಡನೆಯ ಮೂಳೆ. ಟಕ್. ಮೂರನೆಯದು. ಟಕ್. ಮೂಳೆ ಬಿದ್ದರೆ ಕಂಚು ಹೀಗೆ ಮೊದ್ದಾಗಿ ಸದ್ದು ಮಾಡುತ್ತದೆ. ಉಕ್ಕು ಬಿದ್ದರೆ ಗಂಟೆಯಂತೆ ಉಲಿಯುತ್ತದೆ. ಚನಿಯಪ್ಪನ ಕಿವಿಗೆ ಬೀಳುತ್ತದೆ, ರಾಯರ ಕಿವಿಗೆ ಬೀಳುತ್ತದೆ, ಕೆಲಸ ಅಲ್ಲಿಗೆ ಮುಗಿಯುತ್ತದೆ. ಗಜಾನನ ತಲೆ ಎತ್ತಿ ಅಡಪರನ್ನು ನೋಡಿದ. ಅಂಕದ ಕಳದಲ್ಲಿ ಹುಂಜವನ್ನು ಬಿಟ್ಟು ಹಿಂದೆ ಸರಿದು ನಿಂತಾಗಿನ ಕಣ್ಣು ಅವು. ಅವುಗಳಲ್ಲಿ ಸಿಟ್ಟಿರಲಿಲ್ಲ. ಆಗಿನಷ್ಟೇ ಆಸಕ್ತಿ ಇತ್ತು.

"ನಿಧಾನ ಯಾಕೆ ಗಜಾ? ಖಾರವಾ?"

"ಇಲ್ಲ ಧಣಿ."

"ನಗುತ್ತಾ ಹೇಳು."

ಅವನು ನಕ್ಕ. ಅದೇ ತುತ್ತಿನಲ್ಲಿ ಚೂರು ಇತ್ತು.

ಮೊದಲು ನೋವಾಗಲಿಲ್ಲ. ನಾಲಿಗೆಯ ಬದಿಯಲ್ಲಿ ಏನೋ ಸಲೀಸಾಗಿ ಜಾರಿದಂತಾಯಿತು, ಆಮೇಲೆ ಬಾಯಿ ಬೆಚ್ಚಗೆ ಉಪ್ಪುಪ್ಪಾಯಿತು. ಅವನು ಮಾಡಿದ ಕತ್ತಿ ನಿಜಕ್ಕೂ ಹರಿತವಾಗಿತ್ತು. ಚೂರನ್ನು ನಾಲಿಗೆಯಿಂದ ದವಡೆಯ ಕಡೆ ತಳ್ಳಿದ; ತಳ್ಳಿದಲ್ಲೂ ಕೊಯ್ಯಿತು. ಅಡಪರು ಬಟ್ಟಲನ್ನು ಎತ್ತಿ ಅವನ ಗಲ್ಲದ ಕೆಳಗೆ ಹಿಡಿದರು.

"ಮೂಳೆ ಉಂಟಾ? ಹಾಕು."

ರಾಯರು ಕಾಫಿಯ ಲೋಟ ಕೆಳಗಿಟ್ಟು ನೋಡುತ್ತಿದ್ದರು. ಚನಿಯಪ್ಪ ತನ್ನ ಎಲೆ ಬಿಟ್ಟು ಈ ಕಡೆ ಬಾಗಿದ್ದ. ಗಜಾನನ ತಲೆ ಅಲ್ಲಾಡಿಸಿದ. ರೊಟ್ಟಿಯ ದೊಡ್ಡ ಚೂರೊಂದನ್ನು ಸಾರಿನಲ್ಲಿ ಅದ್ದಿ ಬಾಯಿಗೆ ತುಂಬಿಕೊಂಡು, ಎಲ್ಲವನ್ನೂ ಒಂದೇ ಉಂಡೆ ಮಾಡಿ, ಕಣ್ಣು ಮುಚ್ಚಿ ನುಂಗಿದ. ಗಂಟಲಲ್ಲಿ ಅದು ಇಳಿಯುವುದು ಕೊನೆಯ ತನಕ ತಿಳಿಯಿತು.

"ಶಾಭಾಸ್," ಎಂದು ಅಡಪರು ಬಟ್ಟಲು ಕೆಳಗಿಟ್ಟರು. "ಇನ್ನು ಎಲ್ಲರೂ ಊಟ ಮಾಡಿ."

ಸಾರು ಕೆಂಪಗಿತ್ತು. ಅವನ ತುಟಿಯಂಚಿನಿಂದ ಎಲೆಗೆ ಬಿದ್ದದ್ದನ್ನು ಯಾರೂ ಬೇರೆ ಎಂದು ತಿಳಿಯಲಿಲ್ಲ.

ಕೈ ತೊಳೆಯುವಲ್ಲಿ ಅಡಪರು ಪಕ್ಕಕ್ಕೆ ಬಂದು ನಿಂತರು. ಗಜಾನನ ಬಾಯಿ ಮುಕ್ಕಳಿಸಿ ಉಗಿದ ನೀರು ತೆಂಗಿನ ಬುಡಕ್ಕೆ ಕೆಂಪಗೆ ಹರಿಯಿತು.

"ಎಲ್ಲುಂಟು?"

ಅವನು ಹೊಟ್ಟೆ ಮುಟ್ಟಿ ತೋರಿಸಿದ.

ಅಡಪರಿಗೆ ನಗು ತಡೆಯಲಾಗಲಿಲ್ಲ. ತೆಂಗಿನ ಮರ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚನಿಯಪ್ಪನ ಜೀಪು ಗದ್ದೆ ದಾಟಿ ಹೋದದ್ದನ್ನು ನೋಡಿಕೊಂಡು, "ರಾಯರೇ, ಸ್ವಲ್ಪ ಇತ್ತ ಬನ್ನಿ," ಎಂದು ಕರೆದರು. ಕಿಸೆಯಿಂದ ಮೊಂಡು ಕತ್ತಿ ತೆಗೆದು ತೋರಿಸಿ, ಎಲ್ಲವನ್ನೂ ಒಂದು ಹಾಸ್ಯದ ಕತೆಯಂತೆ ಮೊದಲಿನಿಂದ ಹೇಳಿದರು.

"ಬಟ್ಟಲು ಒಮ್ಮೆ ಟಣ್ ಅಂದಿದ್ದರೆ ನನ್ನ ಮರ್ಯಾದೆ ಚನಿಯಪ್ಪನ ಬಾಯಲ್ಲಿ ಇರ್ತಿತ್ತು. ಆದರೆ ಇವ ಬಿಡುವವನಲ್ಲ ಅಂತ ನನಗೆ ಗೊತ್ತುಂಟು."

ಯಾರಿಗೆ ತಿಳಿಯಬಾರದೆಂದು ಗಜಾನನ ಅದನ್ನು ಒಳಗಿಳಿಸಿದನೋ ಆ ರಾಯರೇ ಈಗ ಮುರಿದ ಕತ್ತಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ರಾಯರು ನಗಲಿಲ್ಲ. ಕನ್ನಡಕ ತೆಗೆದು, ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿದರು.

"ಮುರಿದದ್ದು ಇವನಿಗೆ ಮೊದಲೇ ಗೊತ್ತಿತ್ತಾ? ನಾನು ಕೇಳುವಾಗ?"

"ಗೊತ್ತಿತ್ತು."

"ಮತ್ತೆ ಇಲ್ಲ ಅಂತ ಹೇಳಿದ್ದು?"

"ಹೇಳಿ, ಮೇಲಿಂದ ತಿಂದ."

ರಾಯರು ಕತ್ತಿಯನ್ನು ವಾಪಸು ಕೊಟ್ಟರು. ಸ್ವಲ್ಪ ಹೊತ್ತು ಗಜಾನನನನ್ನು ನೋಡಿದರು, ಅಂಗಡಿಯಲ್ಲಿ ಸಾಮಾನು ನೋಡುವ ಹಾಗೆ.

"ಸೋಮವಾರದಿಂದ ಬರ್ಲಿ," ಎಂದರು. "ಸರ್ಕಾರದವರು ಬರ್ತಾರೆ, ಕಂಟ್ರಾಕ್ಟರು ಬರ್ತಾರೆ, ಸರಳು ಹೇಗುಂಟು ಅಂತ ಕೇಳ್ತಾರೆ. ಇಂಥವನೇ ಬೇಕು."

ಗಜಾನನ ಕೈ ಮುಗಿದ. ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.

ಬಸ್ಸಿನಲ್ಲಿ ಅವನು ಕಿಟಕಿಗೆ ತಲೆಯಿಟ್ಟು ಲೆಕ್ಕ ಹಾಕಿದ. ಹೊಟ್ಟೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಆಮ್ಲಕ್ಕೆ ಕಬ್ಬಿಣ ಕರಗುತ್ತದೆ. ತೆಳ್ಳಗಿನ ಅಂಚು ಮೊದಲು ಕರಗಬೇಕು, ಮೊಂಡಾಗಬೇಕು, ಆಮೇಲೆ ಕರುಳಿಗೆ ಇಳಿಯಬೇಕು. ಆ ಕ್ರಮ ತಪ್ಪದಿದ್ದರೆ ಸರಿ. ತಪ್ಪಿದರೆ ಏನೆಂಬುದನ್ನು ಬಿಳಿ ಹುಂಜದಲ್ಲಿ ನೋಡಿದ್ದ.

ಬೆಳುವಾಯಿಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಅಪ್ಪ ಕುಲುಮೆಯ ಬಾಗಿಲಲ್ಲೇ ಕೂತಿದ್ದರು. ಮಗ ಒಂದು ಚೀಟಿಯ ಮೇಲೆ "ಕೆಲಸ ಸಿಕ್ಕಿತು, ಸೋಮವಾರದಿಂದ" ಎಂದು ಬರೆದು ತೋರಿಸಿದ. ಕೆನ್ನೆ ಮುಟ್ಟಿಕೊಂಡು ಹಲ್ಲುನೋವು ಎಂದು ಸನ್ನೆ ಮಾಡಿದ. ಪರಮೇಶ್ವರ ಆಚಾರಿಗೆ ಓದಲು ಬರುತ್ತಿತ್ತು. ಎರಡು ಸಲ ಓದಿದರು. ಆಮೇಲೆ ಮಗನ ಅಂಗಿಯ ಹತ್ತಿರ ಮೂಗು ತಂದು, ಕೋಳಿಸಾರಿನ ವಾಸನೆ ಹಿಡಿದು ಹಿಂದೆ ಸರಿದರು.

"ಕತ್ತಿ ಮುರಿಯಲಿಲ್ಲ ಅಲ್ವಾ?"

ಗಜಾನನ ತಲೆ ಅಲ್ಲಾಡಿಸಿದ.

ಮುದುಕರ ಮುಖ ಅರಳಿತು. ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದರು. ನಡುಗುವ ಕೈಯಲ್ಲಿ ಒಂದು ದೊಡ್ಡ ಚೂರು ಒಡೆದು, ಒಡೆದ ಅಂಚು ಮೇಲಾಗಿಯೇ ಮಗನ ಬಾಯಿಯ ಹತ್ತಿರ ಹಿಡಿದರು.

"ನನ್ನ ಕೈಯಿಂದ ಒಂದು ಚೂರು," ಎಂದರು. "ತಿನ್ನು ಮಗಾ."

ಗಜಾನನ ಬಾಯಿ ತೆರೆದ.